ಹೈನುರಹಿತ ಗುಪ್ತತರಕಾರಿ ಪಾನೀಯ: ಠಾಣಾ ಕುಶನೂರ ಪದ್ಧತಿ

ಹೈನುರಹಿತ ಗುಪ್ತತರಕಾರಿ ಹಣ್ಣಿನ ಸ್ಮೂದಿಯು ಮೂರು ನಿರಾಕರಣೆಗಳ ಮೇಲೆ ನಿಂತಿರುವ ಪಾನೀಯ. ಮೊದಲನೆಯದಾಗಿ, ಅದರಲ್ಲಿ ಹಾಲು ಇಲ್ಲ. ಎರಡನೆಯದಾಗಿ, ಅದರಲ್ಲಿ ತರಕಾರಿ ಇಲ್ಲವೆಂದು ಹೇಳಲಾಗುತ್ತದೆ. ಮೂರನೆಯದಾಗಿ, ಅದನ್ನು ಕುಡಿದವರು ನಾಷ್ಟಾ ಆಯಿತೆಂದು ಒಪ್ಪುವುದಿಲ್ಲ. ಈ ಮೂರನ್ನೂ ಒಂದೇ ಲೋಟದಲ್ಲಿ, ಬೆಳಗಿನ ಏಳೂವರೆಯೊಳಗೆ ಸಾಧಿಸುವ ಕ್ರಮವನ್ನು ಇಲ್ಲಿ ನಿರೂಪಿಸಲಾಗಿದೆ. ನಿರೂಪಣೆಗೆ ಬೀದರ ಜಿಲ್ಲೆಯ ಠಾಣಾ ಕುಶನೂರನ್ನು ಕ್ಷೇತ್ರವಾಗಿ ಆರಿಸಿಕೊಳ್ಳಲಾಗಿದೆ. ಹೆಸರಿನಲ್ಲಿಯೇ ಠಾಣೆ ಇರುವ, ಊರೊಳಗೆ ಪೊಲೀಸ್ ಠಾಣೆಯೂ ಇರುವ ಸ್ಥಳದಲ್ಲಿ ಪಾಲಕವನ್ನು ಬಚ್ಚಿಡಲು ಸಾಧ್ಯವಾದರೆ ಭೂಮಂಡಲದಲ್ಲಿ ಎಲ್ಲಿ ಬೇಕಾದರೂ ಬಚ್ಚಿಡಬಹುದು ಎಂಬುದು ಈ ಆಯ್ಕೆಯ ಹಿಂದಿನ ತರ್ಕ.

ಪಾನೀಯದ ಪೂರ್ವೇತಿಹಾಸ ಸಂಕ್ಷಿಪ್ತವಾದದ್ದು. ಅಮೆರಿಕದ ರೇಸೀನ್ ಪಟ್ಟಣದ ಸ್ಟೀಫನ್ ಪಾಪ್ಲಾವ್ಸ್ಕಿ ಎಂಬಾತ ಪಾತ್ರೆಯ ತಳದಲ್ಲಿ ಅಲಗು ತಿರುಗುವ ಯಂತ್ರವೊಂದಕ್ಕೆ 1922ರಲ್ಲಿ ಪೇಟೆಂಟ್ ಕೋರಿ ಅರ್ಜಿ ಹಾಕಿದ. ಅದರ ಉದ್ದೇಶ ಹಾರ್ಲಿಕ್ಸ್ ಬೆರೆಸಿದ ಹಾಲನ್ನು ನೊರೆ ಬರುವಂತೆ ಕಡೆಯುವುದಾಗಿತ್ತು. ಹಾಲಿಗಾಗಿ ಹುಟ್ಟಿದ ಯಂತ್ರ ಹಾಲಿನ ವಿರುದ್ಧವೇ ತಿರುಗಲು ಸುಮಾರು ಐವತ್ತು ವರ್ಷ ಹಿಡಿಯಿತು. ಲೂಯಿಸಿಯಾನಾ ರಾಜ್ಯದ ಸ್ಟೀವ್ ಕುನೌ, ಹಾಲು ತನ್ನ ಹೊಟ್ಟೆಗೆ ಒಗ್ಗದ ಕಾರಣ ಹಣ್ಣುಗಳನ್ನು ಅರೆದು ಕುಡಿಯತೊಡಗಿ, 1973ರಲ್ಲಿ ಅದನ್ನೇ ಅಂಗಡಿ ಮಾಡಿದ. ಅಲ್ಲಿಂದ ಈ ವಿದ್ಯೆ ಹೇಗೋ ಪುಣೆಗೆ ಬಂದು, ಪುಣೆಯಲ್ಲಿರುವ ನಾದಿನಿಯೊಬ್ಬಳ ಮೊಬೈಲಿನಿಂದ ರಾತ್ರಿ ಹನ್ನೊಂದು ಗಂಟೆಗೆ ಠಾಣಾ ಕುಶನೂರನ್ನು ತಲುಪಿತು. ಅಡುಗೆಯ ಇತಿಹಾಸದಲ್ಲಿ ನಾದಿನಿಯರ ಪಾತ್ರವನ್ನು ಕುರಿತ ಅಧ್ಯಯನ ಇನ್ನೂ ಆರಂಭವಾಗಬೇಕಾಗಿದೆ.

ತಯಾರಿಕೆಯಲ್ಲಿ ನಾಲ್ವರು ಭಾಗವಹಿಸುತ್ತಾರೆ. ಅವ್ವ ನಿರ್ವಾಹಕಿ. ಏಳನೆಯ ಇಯತ್ತೆಯೊಳಗಿನ ಯಾವುದೇ ಮಗು ಫಲಾನುಭವಿ. ಅಪ್ಪ ಬಾಳೆಹಣ್ಣು ತಂದುಕೊಡುವವರೆಗೆ ಸರಬರಾಜುದಾರ, ಆ ಬಳಿಕ ಪೇಪರಿನ ಹಿಂದೆ ತಟಸ್ಥ ರಾಷ್ಟ್ರ. ಅಜ್ಜಿ ಮೇಲ್ಮನವಿ ಪ್ರಾಧಿಕಾರ. ಈ ಪ್ರಾಧಿಕಾರದ ಮುಂದೆ ಬಂದ ಪ್ರಕರಣಗಳಲ್ಲಿ ತೀರ್ಪು ಯಾವಾಗಲೂ ಫಲಾನುಭವಿಯ ಪರವಾಗಿ ಬಂದಿರುವುದರಿಂದ, ಪ್ರಕರಣ ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳುವುದೇ ನಿರ್ವಾಹಕಿಯ ಮುಖ್ಯ ಕರ್ತವ್ಯ.

ಕ್ಷೇತ್ರದ ಪರಿಸ್ಥಿತಿ ಈ ಪಾನೀಯಕ್ಕೆ ಅನುಕೂಲಕರವಾಗಿಲ್ಲ. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಇದೇ ಜಿಲ್ಲೆಯ ನಂದಿನಗರದಲ್ಲಿದೆ. ಗಡಿಯಾಚೆ ಲಾತೂರ ಜಿಲ್ಲೆಯ ದೇವಣಿಯಿಂದ ಹೆಸರು ಪಡೆದ ದೇವಣಿ ದನಗಳು ಭಾಲ್ಕಿ, ಔರಾದ ಕಡೆಯ ಕೊಟ್ಟಿಗೆಗಳಲ್ಲಿ ಮನೆಯವರಂತೆ ಇವೆ. ಇವುಗಳಲ್ಲಿ ಮೂರು ಪ್ರಭೇದಗಳನ್ನು ಗುರುತಿಸಲಾಗಿದೆ. ಬಾಲಂಕ್ಯಾ ಪೂರ್ತಿ ಬಿಳಿ. ವಾನ್ನೇರಾ ಬಿಳಿ ಮೈಯದು, ಮುಖ ಕಪ್ಪು. ಶೇವೇರಾ ಬಿಳಿ ಮೈಯ ಮೇಲೆ ಕಪ್ಪು ಮಚ್ಚೆಗಳದ್ದು. ಹಸು ಹಾಲು ಕೊಡುತ್ತದೆ, ಎತ್ತು ಹೊಲ ಉಳುತ್ತದೆ. ಹಾಲಿಲ್ಲದ ನಾಷ್ಟಾದ ಬಗ್ಗೆ ಇವುಗಳ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಆದರೂ ಅಡುಗೆಮನೆಯ ಕಿಟಕಿ ಕೊಟ್ಟಿಗೆಯ ಕಡೆಗೆ ತೆರೆಯುವ ಮನೆಗಳಲ್ಲಿ ಪಾನೀಯ ತಯಾರಾಗುವಷ್ಟು ಹೊತ್ತು ಕಿಟಕಿ ಮುಚ್ಚಿಡುವುದು ಸೌಜನ್ಯ.

ಹಾಲನ್ನು ಬಿಡುವುದಕ್ಕೆ ವೈದ್ಯಕೀಯ ಆಧಾರ ಇಲ್ಲದಿಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಬಾಲ್ಯ ಕಳೆದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಪಾಲು ಮಂದಿಗೆ ಆ ಸಕ್ಕರೆ ಪೂರ್ತಿಯಾಗಿ ಅರಗುವುದಿಲ್ಲ. ಠಾಣಾ ಕುಶನೂರಿನ ಹಿರಿಯರು ಈ ಸ್ಥಿತಿಯನ್ನು ‘ಹೊಟ್ಟಿ ಗುಡುಗುಡು ಅಂತದ’ ಎಂಬ ಲಕ್ಷಣದಿಂದ ಮೊದಲಿನಿಂದಲೂ ಬಲ್ಲರು. ಅದಕ್ಕೆ ಅವರು ಕೊಡುವ ಔಷಧ ಒಂದು ತಂಬಿಗೆ ಮಜ್ಜಿಗೆ.

ಇಲ್ಲಿ ‘ಹೈನು’ ಎಂಬುದರ ವ್ಯಾಪ್ತಿಯನ್ನು ಗೊತ್ತುಮಾಡಿಕೊಳ್ಳದಿದ್ದರೆ ಮುಂದೆ ವ್ಯಾಜ್ಯ ಹುಟ್ಟುತ್ತದೆ. ನಿರ್ವಾಹಕಿಯ ಪ್ರಕಾರ ಹಾಲು, ಕೆನೆ, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಖವಾ ಎಲ್ಲವೂ ಹೈನು. ಮೇಲ್ಮನವಿ ಪ್ರಾಧಿಕಾರದ ಪ್ರಕಾರ ಹಾಲು ಮಾತ್ರ ಹಾಲು; ಮಜ್ಜಿಗೆ ನೀರು, ಮೊಸರು ಊಟ, ತುಪ್ಪ ಆಶೀರ್ವಾದ. ಈ ಎರಡನೆಯ ವ್ಯಾಖ್ಯಾನದಂತೆ, ನಿರ್ವಾಹಕಿ ಹಿತ್ತಲಿಗೆ ಹೋದ ಸಮಯದಲ್ಲಿ ಹೈನುರಹಿತ ಪಾನೀಯಕ್ಕೆ ಒಂದು ಚಮಚ ಆಶೀರ್ವಾದ ಸೇರುವ ಸಂಭವವಿದೆ. ಮೇಲೆ ತೇಲುವ ಹೊಂಬಣ್ಣದ ವೃತ್ತಗಳಿಂದ ಅದನ್ನು ಗುರುತಿಸಬಹುದು. ಗುರುತಿಸಿದ ಮೇಲೆ ಮಾಡುವುದು ಏನೂ ಇಲ್ಲ.

ಹಾಲಿನ ಸ್ಥಾನವನ್ನು ತುಂಬುವ ದ್ರವದ ಆಯ್ಕೆ ಮುಂದಿನ ಹಂತ. ದೂರದ ನಗರಗಳ ತಜ್ಞರು ಬಾದಾಮಿ ಹಾಲನ್ನೂ ಓಟ್ಸ್ ಹಾಲನ್ನೂ ಸೂಚಿಸುತ್ತಾರೆ. ಠಾಣಾ ಕುಶನೂರಿನ ಹೊಲಗಳಲ್ಲಿ ಈ ಎರಡೂ ಕಂಡುಬರುವುದಿಲ್ಲ; ಸೋಯಾಬೀನ್ ಕಂಡುಬರುತ್ತದೆ. ಕರ್ನಾಟಕದಲ್ಲಿ ಸೋಯಾ ಅತಿ ಹೆಚ್ಚು ಬೆಳೆಯುವ ಜಿಲ್ಲೆ ಬೀದರ. ಮುಂಗಾರಿಗೆ ಬಿತ್ತಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ರಾಶಿ ಮಾಡಿದ ಕಾಳು ಎಣ್ಣೆಯ ಕಾರ್ಖಾನೆಗೆ ಹೋಗುತ್ತದೆ. ಎಣ್ಣೆ ತೆಗೆದು ಉಳಿದ ಹಿಂಡಿ ಕೋಳಿಗೂ ದನಕ್ಕೂ ಆಹಾರವಾಗುತ್ತದೆ. ದನ ಅದನ್ನು ಹಾಲು ಮಾಡುತ್ತದೆ. ಹಾಲು ಪಾಕೀಟಿನಲ್ಲಿ ಕುಳಿತು ಊರಿಗೆ ಮರಳುತ್ತದೆ. ಸೋಯಾ ಹಾಲು ಎಂದರೆ ಈ ಪ್ರಯಾಣದಲ್ಲಿ ದನವನ್ನು ಕೈಬಿಡುವ ವಿಧಾನ. ಇದರಿಂದ ದಾರಿ ಬಹಳ ಹತ್ತಿರವಾಗುತ್ತದೆ. ದನ ಮಾಡುತ್ತಿದ್ದ ಕೆಲಸ ಮಾತ್ರ ಮನೆಯವರ ಪಾಲಿಗೆ ಬರುತ್ತದೆ.

ಆ ಕೆಲಸ ಹೀಗಿದೆ. ಒಂದು ಬಟ್ಟಲು ಕಾಳನ್ನು ರಾತ್ರಿ ಎಂಟು ಗಂಟೆ ಕಾಲ ನೆನೆಹಾಕಬೇಕು. ಬೆಳಿಗ್ಗೆ ಕೈಯಲ್ಲಿ ತಿಕ್ಕಿ ಸಿಪ್ಪೆ ತೆಗೆಯಬೇಕು. ಕುದಿನೀರು ಹಾಕಿಯೇ ಅರೆಯಬೇಕು. ತಣ್ಣೀರಿನಲ್ಲಿ ಅರೆದರೆ ಕಾಳಿನೊಳಗಿನ ಕಿಣ್ವವೊಂದು ಎಚ್ಚೆತ್ತು ಹಸಿಕಾಳಿನ ವಾಸನೆ ಹುಟ್ಟಿಸುತ್ತದೆ. ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿ, ಹದಿನೈದು ಇಪ್ಪತ್ತು ನಿಮಿಷ ಕೈಬಿಡದೆ ತಿರುವುತ್ತ ಕುದಿಸಬೇಕು. ಹಸಿ ಸೋಯಾದಲ್ಲಿ ಪ್ರೋಟೀನನ್ನು ಅರಗಗೊಡದ ಅಂಶವೊಂದು ಇರುವುದರಿಂದ ಕುದಿಸುವ ಹಂತವನ್ನು ಬಿಡುವಂತಿಲ್ಲ. ಉಕ್ಕುವ ವಿಷಯದಲ್ಲಿ ಸೋಯಾ ಹಾಲು ಹಸುವಿನ ಹಾಲಿನ ಲಕ್ಷಣವನ್ನು ಸಂಪೂರ್ಣವಾಗಿ ಉಳಿಸಿಕೊಂಡಿದೆ: ನೋಡುತ್ತ ನಿಂತಿರುವವರೆಗೆ ಅದು ಉಕ್ಕುವುದಿಲ್ಲ.

ಇಷ್ಟು ಸಮಯವಿಲ್ಲದವರಿಗೆ ಶೇಂಗಾ ಹಾಲು ಸೂಕ್ತ. ಒಂದು ಹಿಡಿ ಶೇಂಗಾವನ್ನು ರಾತ್ರಿ ನೆನೆಸಿ, ಎರಡು ಲೋಟ ನೀರಿನೊಂದಿಗೆ ಅರೆದು ಸೋಸಿದರೆ ಕೆಲಸ ಮುಗಿಯಿತು. ರಾತ್ರಿ ನೆನೆಹಾಕಿದ ಶೇಂಗಾಕ್ಕೂ ಬೆಳಿಗ್ಗೆ ನೀರಿನಲ್ಲಿ ಉಳಿದ ಶೇಂಗಾಕ್ಕೂ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬರುವುದು ಸಹಜ. ತಟಸ್ಥ ರಾಷ್ಟ್ರ ಮಧ್ಯರಾತ್ರಿ ನೀರು ಕುಡಿಯಲು ಎದ್ದಿದ್ದಕ್ಕೂ ಇದಕ್ಕೂ ಸಂಬಂಧ ಕಲ್ಪಿಸದೆ, ವ್ಯತ್ಯಾಸವನ್ನು ಆವಿಯಾದ ಲೆಕ್ಕಕ್ಕೆ ಬರೆದುಕೊಳ್ಳುವುದು ರೂಢಿ.

ಈಗ ತರಕಾರಿ. ತರಕಾರಿಗಳನ್ನು ಪೌಷ್ಟಿಕಾಂಶದ ಮೇಲೆ ವಿಂಗಡಿಸುವುದು ಹಳೆಯ ಕ್ರಮ. ಈ ಶಾಸ್ತ್ರವು ಅವುಗಳನ್ನು ಅಡಗುವ ಸಾಮರ್ಥ್ಯದ ಮೇಲೆ ಮೂರು ವರ್ಗ ಮಾಡುತ್ತದೆ. ಮೊದಲನೆಯದು ವಿಧೇಯ ವರ್ಗ: ಗಜ್ಜರಿ, ಕುಂಬಳಕಾಯಿ, ಸವತೆಕಾಯಿ. ಇವು ಹೇಳಿದ ಜಾಗದಲ್ಲಿ ಕೂರುತ್ತವೆ, ಕೇಳದ ಹೊರತು ಮಾತಾಡುವುದಿಲ್ಲ. ಎರಡನೆಯದು ಅರೆವಿಧೇಯ ವರ್ಗ: ಪಾಲಕ ಮತ್ತು ಬೀಟ್‌ರೂಟ್. ಇವು ರುಚಿಯಲ್ಲಿ ಸುಮ್ಮನಿದ್ದು ಬಣ್ಣದಲ್ಲಿ ತಪ್ಪೊಪ್ಪಿಕೊಳ್ಳುತ್ತವೆ. ಮೂರನೆಯದು ಬಂಡಾಯ ವರ್ಗ: ಮೆಂತ್ಯ, ಹಾಗಲಕಾಯಿ, ಮೂಲಂಗಿ, ಪುಂಡಿಪಲ್ಯ. ಪುಂಡಿಪಲ್ಯವನ್ನು ಬಾಳೆಹಣ್ಣಿನಲ್ಲಿ ಅಡಗಿಸಲು ಹೊರಟವರು ಕೊನೆಗೆ ಬಾಳೆಹಣ್ಣನ್ನು ಪುಂಡಿಪಲ್ಯದಲ್ಲಿ ಅಡಗಿಸಿ, ಅದನ್ನು ರೊಟ್ಟಿಯೊಂದಿಗೆ ತಾವೇ ತಿಂದು ಮುಗಿಸಬೇಕಾಗುತ್ತದೆ.

ಆರಿಸಿದ ತರಕಾರಿಯನ್ನು ಹಾಗೆಯೇ ಹಾಕುವಂತಿಲ್ಲ. ಪಾಲಕವನ್ನು ಉಪ್ಪುನೀರಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಬೇಕು. ಇದರಿಂದ ಹಸಿರು ಉಳಿಯುತ್ತದೆ, ಅದರಲ್ಲಿರುವ ಆಕ್ಸಲೇಟಿನ ಒಂದಂಶ ನೀರಿಗೆ ಹೋಗುತ್ತದೆ. ಗಜ್ಜರಿಯನ್ನು ಮೆತ್ತಗೆ ಬೇಯಿಸಿಕೊಳ್ಳಬೇಕು. ಹಸಿ ಗಜ್ಜರಿ ಎಷ್ಟು ಅರೆದರೂ ತರಿಯಾಗಿ ಉಳಿಯುತ್ತದೆ, ಹಲ್ಲಿಗೆ ಸಿಕ್ಕಿದ ಒಂದೇ ಒಂದು ತರಿ ಇಡೀ ಸಂಘಟನೆಯನ್ನು ಬಯಲಿಗೆಳೆಯುತ್ತದೆ. ಬೀಟ್‌ರೂಟಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅದು ಬಾಯಲ್ಲಿ ಸಿಕ್ಕಿಬೀಳದೆ ಪಾರಾದರೂ, ಕೆಲವರಲ್ಲಿ ಮಾರನೆಯ ದಿನ ಮೂತ್ರವನ್ನು ಕೆಂಪಾಗಿಸಿ ತಾನೇ ಠಾಣೆಗೆ ಹಾಜರಾಗುತ್ತದೆ.

ಹಣ್ಣಿನ ಕೆಲಸ ಮರೆಮಾಚುವುದು. ಈ ಕೆಲಸಕ್ಕೆ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದಿರುವ ಬಾಳೆಹಣ್ಣನ್ನು ಮೀರಿಸಿದ್ದು ಇಲ್ಲ. ಅದು ಸಿಹಿಯನ್ನೂ ದಪ್ಪವನ್ನೂ ಒಟ್ಟಿಗೆ ಒದಗಿಸುತ್ತದೆ. ಅದೇ ಹಣ್ಣನ್ನು ಇಡಿಯಾಗಿ ಕೊಟ್ಟರೆ ಫಲಾನುಭವಿ ಚುಕ್ಕೆ ತೋರಿಸಿ ತಿರಸ್ಕರಿಸುತ್ತಾನೆ ಎಂಬುದು ಪ್ರತ್ಯೇಕ ಸಂಶೋಧನೆಯ ವಿಷಯ. ಪಪ್ಪಾಯಿ ವರ್ಷವಿಡೀ ಸಿಗುತ್ತದೆ. ಮಾವು ಬೇಸಿಗೆಯಲ್ಲಿ ಸಿಗುತ್ತದೆ, ಆದರೆ ಮಾವಿನ ಕಾಲದಲ್ಲಿ ಅದನ್ನು ಬೇರೆ ಯಾವುದಕ್ಕೂ ಬಳಸಲು ಮನೆಯಲ್ಲಿ ಬಹುಮತ ದೊರೆಯುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬೀದರ ಸೀಮೆಯ ಕಲ್ಲುಗುಡ್ಡಗಳಲ್ಲಿ ಸೀತಾಫಲ ಧಾರಾಳ. ಅದರ ತಿರುಳು ಶ್ರೇಷ್ಠವಾದ ಹೊದಿಕೆ. ಬೀಜ ಮಾತ್ರ ಒಂದೊಂದಾಗಿ ತೆಗೆಯಬೇಕು. ಬೀಜ ತೆಗೆಯಲು ನೇಮಿಸಿದ ವ್ಯಕ್ತಿ ಬೀಜಗಳ ಲೆಕ್ಕವನ್ನು ಸರಿಯಾಗಿ ಒಪ್ಪಿಸುತ್ತಾನೆ. ತಿರುಳನ್ನು ಒಪ್ಪಿಸಿದ ಉದಾಹರಣೆ ಸಿಕ್ಕಿಲ್ಲ.

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಿನ್ನುವವರಿಗೆ ತಿಳಿಸಿ ತಿನ್ನಿಸಬೇಕೋ ತಿಳಿಸದೆ ತಿನ್ನಿಸಬೇಕೋ ಎಂಬ ತೀರ್ಮಾನವನ್ನು ಅದು ಸದಸ್ಯ ರಾಷ್ಟ್ರಗಳ ಅವ್ವಂದಿರಿಗೆ ಬಿಟ್ಟಂತೆ ಕಾಣುತ್ತದೆ. ಠಾಣಾ ಕುಶನೂರ ಪದ್ಧತಿಯಲ್ಲಿ ಒಂದು ಲೋಟಕ್ಕೆ ಪ್ರಮಾಣ ಹೀಗೆ: ಬಾಳೆಹಣ್ಣು ಒಂದು, ಪಪ್ಪಾಯಿ ಹೋಳು ಅರ್ಧ ಬಟ್ಟಲು, ಪಾಲಕ ಒಂದು ಹಿಡಿ ಅಥವಾ ಬೇಯಿಸಿದ ಗಜ್ಜರಿ ಅರ್ಧ, ಸೋಯಾ ಅಥವಾ ಶೇಂಗಾ ಹಾಲು ಮುಕ್ಕಾಲು ಲೋಟ, ನೆನೆಸಿದ ಖರ್ಜೂರ ಎರಡು. ಹಣ್ಣು ಎರಡು ಪಾಲು, ತರಕಾರಿ ಒಂದು ಪಾಲು ಎಂಬುದು ಮೂಲಸೂತ್ರ. ಮೊದಲ ವಾರ ಪಾಲಕದ ಎಲೆ ಎರಡೇ ಇದ್ದು, ವಾರದಿಂದ ವಾರಕ್ಕೆ ಹೆಚ್ಚಬೇಕು. ಸಂಯಮವಿಲ್ಲದ ನಿರ್ವಾಹಕಿಯರು ಯಶಸ್ಸಿನಿಂದ ಉತ್ತೇಜಿತರಾಗಿ ಮೂರನೆಯ ವಾರಕ್ಕೆ ಬಾಳೆಹಣ್ಣನ್ನೇ ಗುಪ್ತ ಪದಾರ್ಥವಾಗಿಸಿದ್ದುಂಟು.

ಬಣ್ಣದ ಶಾಸ್ತ್ರವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಪಾಲಕವನ್ನು ಬಾಳೆಹಣ್ಣಿನೊಂದಿಗೆ ಮಾತ್ರ ಅರೆದರೆ ಪಾನೀಯ ಗಿಣಿಹಸಿರಾಗಿ, ಸಂದೇಹಾಸ್ಪದವಾಗಿದ್ದರೂ ಉಲ್ಲಾಸದಿಂದಿರುತ್ತದೆ. ಅದೇ ಪಾಲಕಕ್ಕೆ ಪಪ್ಪಾಯಿ ಸೇರಿದರೆ ಹಸಿರೂ ಕೇಸರಿಯೂ ಕೂಡಿ, ಆಷಾಢದಲ್ಲಿ ಹೊಸನೀರು ಬಂದ ಮಾಂಜ್ರಾ ನದಿಯಂತೆ ಆಗುತ್ತದೆ. ಆದ್ದರಿಂದ ಪಾಲಕವಿದ್ದ ದಿನ ಪಪ್ಪಾಯಿಯನ್ನು ಬಿಟ್ಟು ಬಾಳೆಹಣ್ಣು ಎರಡು ಮಾಡಿ, ಪಪ್ಪಾಯಿಯನ್ನು ಗಜ್ಜರಿಯ ದಿನಕ್ಕೆ ಕಾಯ್ದಿರಿಸಬೇಕು. ಗಜ್ಜರಿ ಪಪ್ಪಾಯಿಯೊಳಗೆ ಎಷ್ಟು ಚೆನ್ನಾಗಿ ಅಡಗುತ್ತದೆಂದರೆ, ಹಾಕಿದೆನೋ ಇಲ್ಲವೋ ಎಂದು ನಿರ್ವಾಹಕಿಗೇ ಅನುಮಾನ ಬಂದು ಎರಡನೆಯ ಸಲ ಹಾಕುತ್ತಾಳೆ.

ಅಡಗಿಸುವ ಕಲೆ ಈ ನೆಲಕ್ಕೆ ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಬೀದರನ್ನು ರಾಜಧಾನಿ ಮಾಡಿಕೊಂಡ ಮೇಲೆ, ನೌಬಾದಿನಲ್ಲಿ ನೆಲದಡಿ ಸುರಂಗ ಕೊರೆದು ಕರೇಜ್ ಎಂಬ ಕಾಲುವೆ ಕಟ್ಟಿಸಲಾಯಿತು. ಎರಡು ಕಿಲೋಮೀಟರಿಗೂ ಹೆಚ್ಚು ದೂರ ನೀರು ಯಾರ ಕಣ್ಣಿಗೂ ಬೀಳದೆ ಹರಿಯುವಂತೆ ಮಾಡಿದ ಆ ಕಾಲದ ತಂತ್ರಜ್ಞರು, ಅಲ್ಲಲ್ಲಿ ಗಾಳಿಗೂ ದುರಸ್ತಿಗೂ ಬಾವಿಯಂಥ ಕಿಂಡಿಗಳನ್ನು ಬಿಟ್ಟರು. ಸ್ಮೂದಿಯಲ್ಲಿ ಈ ಕಿಂಡಿಗಳ ಸೌಲಭ್ಯವಿಲ್ಲ. ಅದು ಒಮ್ಮೆ ಕೆಟ್ಟರೆ ಒಳಗಿಳಿದು ಸರಿಪಡಿಸುವ ಮಾರ್ಗವಿಲ್ಲ. ಇನ್ನು ಬಿದರಿ ಕಲೆಯಲ್ಲಿ ಸತು ತಾಮ್ರಗಳ ಮಿಶ್ರಲೋಹದ ಪಾತ್ರೆಯ ಮೈ ಕೊರೆದು ಬೆಳ್ಳಿ ಕೂರಿಸುತ್ತಾರೆ. ಬಳಿಕ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ಬಿಸಿ ನೀರಿಗೆ ಹಾಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಳಗೆ ಸೇರಿಸಿದ್ದನ್ನು ಎದ್ದು ಕಾಣುವಂತೆ ಮಾಡುವುದು ಬಿದರಿಯ ಗುರಿ. ಪಾಲಕದ ಪ್ರಯೋಗದಲ್ಲಿ ಗುರಿ ಬೇರೆಯಾದರೂ ಫಲಿತಾಂಶ ಬಹುತೇಕ ಇದೇ ಆಗಿದೆ.

ಯಂತ್ರದ ವಿಷಯಕ್ಕೆ ಬಂದರೆ, ಮಿಕ್ಸರಿನ ಮೂರು ಜಾರುಗಳಲ್ಲಿ ದೊಡ್ಡದನ್ನು ಆರಿಸಬೇಕು. ಚಿಕ್ಕದರಲ್ಲಿ ನಿನ್ನೆಯ ಶೇಂಗಾ ಚಟ್ನಿಪುಡಿಯ ಬೆಳ್ಳುಳ್ಳಿ ಇನ್ನೂ ಅಧಿಕಾರದಲ್ಲಿರುತ್ತದೆ. ಮುಚ್ಚಳದ ರಬ್ಬರ್ ಸಡಿಲವಾಗಿದ್ದರೆ, ಮತ್ತು ಅದು ಸಡಿಲವಾಗಿಯೇ ಇರುತ್ತದೆ, ಎಡಗೈಯಿಂದ ಮುಚ್ಚಳವನ್ನು ಒತ್ತಿ ಹಿಡಿದು ಬಲಗೈಯಿಂದ ಗುಂಡಿ ತಿರುಗಿಸಬೇಕು. ಮೊದಲು ತರಕಾರಿ ಮತ್ತು ಅರ್ಧ ಹಾಲು, ನುಣ್ಣಗಾದ ಮೇಲೆ ಹಣ್ಣು, ಕೊನೆಗೆ ಉಳಿದ ಹಾಲು. ಎಲ್ಲವನ್ನೂ ಒಟ್ಟಿಗೆ ಸುರಿದರೆ ಬಾಳೆಹಣ್ಣು ಅಲಗನ್ನು ಆಕ್ರಮಿಸಿ, ಪಾಲಕ ಮೇಲೆ ಸುತ್ತುತ್ತ ಉಳಿಯುತ್ತದೆ. ಅರ್ಧ ಅರೆದಾಗ ಕರೆಂಟ್ ಹೋಗುವುದನ್ನು ಅಡಚಣೆ ಎಂದು ಭಾವಿಸದೆ, ವಿಧಾನದ ಒಂದು ಹಂತವೆಂದೇ ಪರಿಗಣಿಸಬೇಕು. ಆ ಅವಧಿಯಲ್ಲಿ ಸೋಯಾ ಹಾಲು ಆರುತ್ತದೆ, ಬಾಳೆಹಣ್ಣು ಕಪ್ಪಾಗುತ್ತದೆ, ಫಲಾನುಭವಿ ಏಳುತ್ತಾನೆ.

ಮಿಕ್ಸರಿನ ಸದ್ದು ಗೌಪ್ಯತೆಗೆ ದೊಡ್ಡ ಶತ್ರು. ಬೆಳಿಗ್ಗೆ ಚಟ್ನಿಗಾಗಿ ಮಿಕ್ಸರ್ ಬಿಟ್ಟುಬಿಟ್ಟು ತುಸು ಹೊತ್ತು ಕೂಗುತ್ತದೆ ಎಂಬುದು ಓಣಿಗೆಲ್ಲ ತಿಳಿದಿದೆ. ಸ್ಮೂದಿಯ ಮಿಕ್ಸರ್ ಒಂದೇ ಸಮನೆ ಕೂಗುತ್ತದೆ. ಈ ವ್ಯತ್ಯಾಸವನ್ನು ಗಮನಿಸಿದ ನೆರೆಮನೆಯಾಕೆ ಗೋಡೆಯ ಮೇಲಿನಿಂದ ‘ಇವತ್ತ ಪಾಲಕ ಹಾಕಿದ್ರೇನ್ರೀ ವೈನಿ?’ ಎಂದು ಕೇಳುವುದುಂಟು. ಗುಪ್ತತೆಯ ರಕ್ಷಣೆಗಾಗಿ ಆಕೆಗೂ ಅರ್ಧ ಲೋಟ ಕಳಿಸಬೇಕಾಗುತ್ತದೆ. ಆಕೆ ರುಚಿ ನೋಡಿ, ಎರಡು ಮನೆಯಾಚೆಗಿನವರೊಂದಿಗೆ ಗುಪ್ತವಾಗಿ ಚರ್ಚಿಸುತ್ತಾಳೆ.

ಪಾನೀಯವನ್ನು ಗಾಜಿನ ಲೋಟದಲ್ಲಿ ಕೊಡಬಾರದು. ಗಾಜು ಪಾರದರ್ಶಕ ಆಡಳಿತಕ್ಕೆ ತಕ್ಕದ್ದು. ಸ್ಟೀಲಿನ ಲೋಟ, ಮೇಲೊಂದು ಮುಚ್ಚಳ, ಬೆಳಕು ಕಡಿಮೆ ಇರುವ ಪಡಸಾಲೆಯ ಮೂಲೆ, ಇವು ಶಿಫಾರಸು ಮಾಡಲಾದ ವಾತಾವರಣ. ಲೋಟ ಕೈಗೆ ಬಂದೊಡನೆ ವಿಚಾರಣೆ ಆರಂಭವಾಗುತ್ತದೆ. ಅದರ ಸಾಮಾನ್ಯ ಕ್ರಮ ಹೀಗಿದೆ.

“ಅವ್ವಾ, ಇದ್ರಾಗ ಏನ್ ಹಾಕಿದಿ?”

“ಬಾಳಿಹಣ್ಣ ಅದಪಾ. ಮತ್ತೇನಿಲ್ಲ.”

“ಬಾಳಿಹಣ್ಣ ಹಸರ ಇರ್ತದೇನು?”

“ಇದು ಹೊಸಾ ಜಾತಿದು. ಸುಮ್ನ ಕುಡಿ, ಬಸ್ ಬರೋ ಹೊತ್ತಾತು.”

“ಖರೇ ಹೇಳು. ಅಜ್ಜೀ, ನೋಡಿಲ್ಲಿ!”

ಹಸಿರು ಬಾಳೆಹಣ್ಣಿನ ಈ ಹೊಸ ಜಾತಿಯ ಉಲ್ಲೇಖ ಬೀದರಿನಲ್ಲಿರುವ ತೋಟಗಾರಿಕೆ ಕಾಲೇಜಿನ ಪಠ್ಯದಲ್ಲಿ ಇರಲಾರದು. ಆದರೆ ಏಳು ಇಪ್ಪತ್ತಕ್ಕೆ ಅದನ್ನು ಪರಿಶೀಲಿಸಲು ಯಾರಿಗೂ ಸಮಯವಿರುವುದಿಲ್ಲವಾದ್ದರಿಂದ ಉತ್ತರ ಊರ್ಜಿತ. ಐದನೆಯ ಮಾತಿನೊಂದಿಗೆ ಮಾತ್ರ ಪ್ರಕರಣ ಮೇಲ್ಮನವಿ ಪ್ರಾಧಿಕಾರಕ್ಕೆ ವರ್ಗವಾಗುತ್ತದೆ. ಪ್ರಾಧಿಕಾರವು ಲೋಟವನ್ನು ತರಿಸಿಕೊಂಡು, ಮೂಸಿ, ಬೆರಳದ್ದಿ ನೆಕ್ಕಿ, ಪದಾರ್ಥಗಳನ್ನು ಅವುಗಳನ್ನು ಹಾಕಿದ ಕ್ರಮದಲ್ಲಿಯೇ ಹೇಳಿ, ಪಾಲಕವನ್ನು ಯಾವ ಸಂತೆಯಲ್ಲಿ ಕೊಂಡದ್ದು ಎಂಬುದನ್ನೂ ಸೇರಿಸಿ, ಕೂಸಿಗೆ ಒಂದು ರೊಟ್ಟಿ, ಮೇಲೆ ತುಪ್ಪ ಹಾಕಿ ಕೊಡುವಂತೆ ಆದೇಶ ಹೊರಡಿಸುತ್ತದೆ. ತಟಸ್ಥ ರಾಷ್ಟ್ರ ಪೇಪರಿನ ಪುಟ ತಿರುವುತ್ತದೆ.

ಇಲ್ಲಿ ಶಾಸ್ತ್ರಕ್ಕೆ ತೊಡಕಾಗುವ ಒಂದು ಸಂಗತಿಯನ್ನು ದಾಖಲಿಸುವುದು ಅನಿವಾರ್ಯ. ವರ್ಷಕ್ಕೊಮ್ಮೆ, ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಎಳ್ಳ ಅಮಾವಾಸ್ಯೆಯಂದು ಇಡೀ ಸೀಮೆ ಹೊಲಕ್ಕೆ ಹೋಗುತ್ತದೆ. ಆ ದಿನದ ಮುಖ್ಯ ಅಡುಗೆ ಭಜ್ಜಿ. ಪಾಲಕ, ಮೆಂತ್ಯ, ಗಜ್ಜರಿ, ಬದನೆಕಾಯಿ, ಹಸಿ ತೊಗರಿ, ಅವರೆ, ಬಟಾಣಿ, ಶೇಂಗಾ, ಹುಣಸೆ, ಕಡಲೆಹಿಟ್ಟು, ಹೀಗೆ ಆ ಕಾಲದಲ್ಲಿ ಹೊಲ ಹಿತ್ತಲುಗಳಲ್ಲಿ ಕೈಗೆ ಸಿಕ್ಕಿದ್ದೆಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ಬಂಡಾಯ ವರ್ಗದ ಮೆಂತ್ಯವೂ ಅದರಲ್ಲಿ ಬಹಿರಂಗವಾಗಿ ಭಾಗವಹಿಸುತ್ತದೆ. ಯಾವುದನ್ನೂ ಅಡಗಿಸಿರುವುದಿಲ್ಲ, ಬಟಾಣಿ ಬಟಾಣಿಯಾಗಿ, ಬದನೆ ಬದನೆಯಾಗಿ ಕಾಣುತ್ತದೆ. ಅದೇ ಫಲಾನುಭವಿ, ಅದೇ ಬಾಯಿಂದ, ಸಜ್ಜೆ ರೊಟ್ಟಿಯೊಂದಿಗೆ ಅದನ್ನು ಮೂರು ಸಲ ಹಾಕಿಸಿಕೊಂಡು ತಿಂದು, ಮೇಲೆ ಮಜ್ಜಿಗೆ ಬೆರೆಸಿದ ಅಂಬಲಿ ಕುಡಿದು, ಬದುವಿನ ಗುಂಟ ಓಡುತ್ತಾನೆ. ತರಕಾರಿಯನ್ನು ತೋರಿಸಿ ಕೊಟ್ಟರೆ ಮಕ್ಕಳು ತಿನ್ನುತ್ತಾರೆ ಎಂಬ ಅವೈಜ್ಞಾನಿಕ ತೀರ್ಮಾನಕ್ಕೆ ಇದು ಎಡೆಮಾಡಿಕೊಡಬಹುದಾದ್ದರಿಂದ, ಈ ಸಂಗತಿಯನ್ನು ಅಪವಾದವೆಂದು ಪರಿಗಣಿಸಿ ಬದಿಗಿರಿಸಲಾಗಿದೆ.

ಪಾನೀಯದ ಹೈನುರಹಿತ ಪರಿಣಾಮ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಮುಂದಿನ ಪ್ರಶ್ನೆ. ಹಿರಿಯರಲ್ಲಿ ಅದು ಚಹಾ ಬರುವವರೆಗೆ ಉಳಿಯುತ್ತದೆ. ಚಹಾ ಏಳೂವರೆಗೆ ಬರುತ್ತದೆ. ಹಾಲಿಲ್ಲದ ಚಹಾದ ಪ್ರಸ್ತಾವವನ್ನು ನಿರ್ವಾಹಕಿ ಒಮ್ಮೆ ಮಂಡಿಸಿದಾಗ ತಟಸ್ಥ ರಾಷ್ಟ್ರ ಮೊದಲ ಬಾರಿಗೆ ಪೇಪರು ಕೆಳಗಿಳಿಸಿದ್ದರಿಂದ ಅದನ್ನು ಅಲ್ಲಿಗೇ ಕೈಬಿಡಲಾಯಿತು. ಸರ್ಕಾರಿ ಶಾಲೆಯ ಫಲಾನುಭವಿಗಳಲ್ಲಿ ಪರಿಣಾಮ ಶಾಲೆಯ ಗಂಟೆಯವರೆಗೆ ಇರುತ್ತದೆ. ರಾಜ್ಯ ಸರ್ಕಾರವು 2013ರ ಆಗಸ್ಟ್ 1ರಂದು ಆರಂಭಿಸಿದ ಕ್ಷೀರಭಾಗ್ಯ ಯೋಜನೆಯಡಿ ಅಲ್ಲಿ 150 ಮಿಲಿ ಲೀಟರ್ ಹಾಲು ಕಾದಿರುತ್ತದೆ. ಹೀಗೆ ಅಡುಗೆಮನೆಯಲ್ಲಿ ಜಾರಿಯಾದ ನಿಷೇಧವನ್ನು ಸರ್ಕಾರ ಶಾಂತಿಯುತವಾಗಿ ತೆರವುಗೊಳಿಸುತ್ತದೆ.

ಕೊನೆಯದಾಗಿ, ಉಳಿದ ಪಾನೀಯದ ವಿಲೇವಾರಿ. ಮೇಲ್ಮನವಿಯಲ್ಲಿ ತಿರಸ್ಕೃತವಾದ ಸ್ಮೂದಿಯನ್ನು ಫ್ರಿಜ್ಜಿನಲ್ಲಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಮೇಲೆ ನೀರು, ಕೆಳಗೆ ಗಸಿಯಾಗಿ ಬೇರ್ಪಡುತ್ತದೆ. ಆ ಸ್ಥಿತಿಯಲ್ಲಿ ಅದನ್ನು ಕುಡಿಯಲು ನಿರ್ವಾಹಕಿಗೂ ಮನಸ್ಸಾಗುವುದಿಲ್ಲ. ಆದ್ದರಿಂದ ಅದನ್ನು ತಡಮಾಡದೆ ಮುಸುರಿಯ ಬಕೆಟ್ಟಿಗೆ ಸುರಿದು, ಸೋಯಾ ಸೋಸಿದ ಚರಟವನ್ನೂ ಬಾಳೆಹಣ್ಣಿನ ಸಿಪ್ಪೆಯನ್ನೂ ಸೇರಿಸಿ, ಕೊಟ್ಟಿಗೆಗೆ ಒಯ್ಯಬೇಕು. ದೇವಣಿ ಹಸು ಬಣ್ಣವನ್ನು ಪ್ರಶ್ನಿಸುವುದಿಲ್ಲ, ಒಳಗೇನಿದೆ ಎಂದು ಕೇಳುವುದಿಲ್ಲ, ಅಜ್ಜಿಯನ್ನು ಕರೆಯುವುದಿಲ್ಲ. ಬಕೆಟ್ಟಿನ ತಳ ನೆಕ್ಕಿ ಮುಗಿಸುತ್ತದೆ. ಸಂಜೆ ಹಾಲು ಕರೆಯಲಾಗುತ್ತದೆ. ಆ ಹಾಲು ಸಕ್ಕರೆ ಬೆರೆತು ಸ್ಟೀಲಿನ ಲೋಟದಲ್ಲಿ ಫಲಾನುಭವಿಯನ್ನು ತಲುಪುತ್ತದೆ, ಅವನು ಒಂದೇ ಗುಟುಕಿಗೆ ಕುಡಿದು ಇನ್ನರ್ಧ ಲೋಟ ಕೇಳುತ್ತಾನೆ. ಬಣ್ಣ, ವಾಸನೆ, ತರಿ, ಇವುಗಳಲ್ಲಿ ಯಾವುದರಿಂದಲೂ ಪಾಲಕವನ್ನು ಅದರಲ್ಲಿ ಪತ್ತೆಹಚ್ಚಲು ಮೇಲ್ಮನವಿ ಪ್ರಾಧಿಕಾರಕ್ಕೂ ಸಾಧ್ಯವಾಗಿಲ್ಲ. ಗುಪ್ತತರಕಾರಿಯ ಎಲ್ಲ ವಿಧಾನಗಳಲ್ಲಿ ಇದೇ ಅತ್ಯುತ್ತಮವೆಂದು ಒಪ್ಪಬೇಕಾಗುತ್ತದೆ. ಇದು ಹೈನುರಹಿತವಲ್ಲ ಎಂಬ ಸಣ್ಣ ನ್ಯೂನತೆಯನ್ನು ಮುಂದಿನ ಪರಿಷ್ಕರಣೆಯಲ್ಲಿ ಸರಿಪಡಿಸಲಾಗುವುದು.